ಅರವತ್ತರ ನಂತರ ಆಕಾಶ: ಬೆಡ್‌ಫರ್ಡ್ ಡಚೆಸ್ ಮೇರಿ ರಸೆಲ್

ವಿಮಾನ ಹಾರಿಸಲು ಕಲಿಯಬೇಕಾದ ವಯಸ್ಸು ಯಾವುದು ಎಂದು ತರಗತಿಯಲ್ಲಿ ಕೇಳಿ ನೋಡಿ. ಹದಿನೆಂಟು ಎನ್ನುವವರಿದ್ದಾರೆ, ಇಪ್ಪತ್ತು ಎನ್ನುವವರಿದ್ದಾರೆ. ನಲವತ್ತು ಎಂದರೆ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತದೆ. ಇಂಗ್ಲೆಂಡಿನ ಮೇರಿ ರಸೆಲ್ ಎಂಬ ಮಹಿಳೆ ಮೊದಲ ಸಲ ವಿಮಾನ ಹತ್ತಿದಾಗ ಅವರಿಗೆ 60 ವರ್ಷ. ಜೊತೆಯಲ್ಲಿ ಯಾರೂ ಇಲ್ಲದೆ ತಾವೊಬ್ಬರೇ ಹಾರಿಸಿ ಇಳಿಸಿದಾಗ 64. ಅಷ್ಟು ಹೊತ್ತಿಗೆ ಅವರ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ವಿಚಿತ್ರವೆಂದರೆ, ಅವರನ್ನು ಆಕಾಶಕ್ಕೆ ಕರೆದುಕೊಂಡು ಹೋದದ್ದು ಆ ಕೆಟ್ಟ ಕಿವಿಯೇ.

ಮೇರಿ ಹುಟ್ಟಿದ್ದು 1865ರ ಸೆಪ್ಟೆಂಬರ್ 26ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸ್ಟಾಕ್‌ಬ್ರಿಜ್ ಎಂಬ ಸಣ್ಣ ಊರಿನಲ್ಲಿ. ತಂದೆ ವಾಲ್ಟರ್ ಟ್ರೈಬ್ ಪಾದ್ರಿ. ಅವರು ಕೆಲಸಕ್ಕೆಂದು ಭಾರತಕ್ಕೆ ಬಂದರು, ಮುಂದೆ ಲಾಹೋರಿನಲ್ಲಿ ಚರ್ಚಿನ ಉನ್ನತ ಹುದ್ದೆಗೇರಿದರು. ಮಗಳು ಇಂಗ್ಲೆಂಡಿನಲ್ಲೇ ಬಂಧುಗಳ ಮನೆಯಲ್ಲಿ ಬೆಳೆದಳು. ಆ ಕಾಲದಲ್ಲಿ ಭಾರತದಲ್ಲಿ ನೌಕರಿ ಮಾಡುತ್ತಿದ್ದ ಬ್ರಿಟಿಷರ ಮಕ್ಕಳ ಹಣೆಬರಹವೇ ಹಾಗಿತ್ತು. ತಂದೆತಾಯಿ ಒಂದು ಖಂಡದಲ್ಲಿ, ಮಕ್ಕಳು ಇನ್ನೊಂದು ಖಂಡದಲ್ಲಿ. ಹದಿನಾರರ ಹೊತ್ತಿಗೆ ಮೇರಿ ಹಡಗು ಹತ್ತಿ ಭಾರತಕ್ಕೆ ಬಂದು ಹೆತ್ತವರನ್ನು ಸೇರಿಕೊಂಡರು. ಇಲ್ಲಿ ಅವರಿಗೆ ಟೈಫಾಯಿಡ್ ಬಂತು. ಆ್ಯಂಟಿಬಯಾಟಿಕ್ ಇನ್ನೂ ಹುಟ್ಟದ ಕಾಲ ಅದು. ಜೀವ ಉಳಿಯಿತು, ಕಿವಿ ಹಾಳಾಯಿತು. ಅಂದಿನಿಂದ ಶ್ರವಣಶಕ್ತಿ ಕ್ರಮೇಣ ಕಡಿಮೆಯಾಗುತ್ತಾ ಹೋಯಿತು. ಜೊತೆಗೆ ಕಿವಿಯೊಳಗೆ ಸದಾ ಗುಂಯ್‌ಗುಡುವ ಶಬ್ದ ಶುರುವಾಯಿತು.

1888ರ ಜನವರಿ 30ರಂದು ಕೋಲ್ಕತ್ತದ ಬಳಿಯ ಬ್ಯಾರಕ್‌ಪುರದಲ್ಲಿ ಮೇರಿಯವರ ಮದುವೆಯಾಯಿತು. ವರ ಲಾರ್ಡ್ ಹರ್ಬ್ರ್ಯಾಂಡ್ ರಸೆಲ್, ವೈಸ್‌ರಾಯ್ ಡಫರಿನ್ ಅವರ ಅಂಗರಕ್ಷಕ ಅಧಿಕಾರಿ, ಇಂಗ್ಲೆಂಡಿನ ಬಹು ದೊಡ್ಡ ಜಮೀನುದಾರ ಮನೆತನದ ಕಿರಿಯ ಮಗ. ಐದು ವರ್ಷಗಳ ನಂತರ ಅಣ್ಣ ತೀರಿಕೊಂಡು ಪದವಿ ಹರ್ಬ್ರ್ಯಾಂಡ್ ಅವರಿಗೆ ಬಂತು. ಅವರು ಬೆಡ್‌ಫರ್ಡ್‌ನ ಡ್ಯೂಕ್ ಆದರು, ಪಾದ್ರಿಯ ಮಗಳು ಡಚೆಸ್ ಆದರು. ಲಂಡನ್ನಿನಿಂದ ಸುಮಾರು 70 ಕಿ.ಮೀ. ದೂರದ ವೋಬರ್ನ್ ಎಂಬ ಹಳ್ಳಿಯ ಪಕ್ಕದಲ್ಲಿ ಅವರ ಅರಮನೆ. ಅದರ ಸುತ್ತ 3,000 ಎಕರೆಯ ಹುಲ್ಲುಗಾವಲು, ಮರಗಳು, ಕೆರೆಗಳು, ಜಿಂಕೆಗಳ ಹಿಂಡುಗಳು.

ಜಿಂಕೆಗಳ ವಿಷಯ ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ, ಜೀವಶಾಸ್ತ್ರ ಓದುವವರಿಗೆ ಇದು ಬೇಕು. ಚೀನಾದ ಪೇರ್ ಡೇವಿಡ್ ಜಿಂಕೆ ತನ್ನ ತಾಯ್ನಾಡಿನಲ್ಲಿ 1900ರ ಹೊತ್ತಿಗೆ ನಾಶವಾಗಿ ಹೋಯಿತು. ಡ್ಯೂಕ್ ಹರ್ಬ್ರ್ಯಾಂಡ್ ಯುರೋಪಿನ ಮೃಗಾಲಯಗಳಲ್ಲಿ ಉಳಿದಿದ್ದ 18 ಜಿಂಕೆಗಳನ್ನು ವೋಬರ್ನ್‌ಗೆ ತಂದು ಸಾಕಿದರು. ಇಂದು ಜಗತ್ತಿನಲ್ಲಿರುವ ಆ ಜಾತಿಯ ಎಲ್ಲಾ ಜಿಂಕೆಗಳು ಆ ಹಿಂಡಿನ ಸಂತತಿ. 1985ರಲ್ಲಿ ವೋಬರ್ನ್‌ನಿಂದಲೇ ಕೆಲವನ್ನು ಚೀನಾಕ್ಕೆ ಮರಳಿ ಕಳುಹಿಸಲಾಯಿತು. ಡ್ಯೂಕ್ ಮಾತು ಕಡಿಮೆಯ ಮನುಷ್ಯ. ಹೆಂಡತಿಗೆ ಕಿವಿ ಕೇಳಿಸದು. ಇದ್ದ ಒಬ್ಬನೇ ಮಗ ಹೇಸ್ಟಿಂಗ್ಸ್ ಯುದ್ಧವಿರೋಧಿಯಾಗಿ ಬೆಳೆದು, ಒಂದನೇ ಮಹಾಯುದ್ಧದ ನಂತರ ಬಹಳ ವರ್ಷ ತಂದೆಯೊಂದಿಗೆ ಮಾತೇ ಆಡಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಎಷ್ಟು ಮೌನವಿತ್ತೆಂದು ಊಹಿಸಿಕೊಳ್ಳಬಹುದು.

ಅಂಥ ಮನೆಯ ಒಡತಿಗೆ ಕೈಕೆಲಸ ಮಾಡುವ ಅಗತ್ಯ ಇರಲಿಲ್ಲ. ಮೇರಿ ಮಾಡಿದ್ದು ಕೈಕೆಲಸವನ್ನೇ. 1898ರಲ್ಲಿ ಹಳ್ಳಿಯ ಜನರಿಗಾಗಿ ವೋಬರ್ನ್‌ನಲ್ಲಿ ಸಣ್ಣ ಆಸ್ಪತ್ರೆ ತೆರೆದರು, 1903ರಲ್ಲಿ ಅದಕ್ಕೆ ಹೊಸ ಕಟ್ಟಡ ಕಟ್ಟಿಸಿದರು. ಶ್ರೀಮಂತರು ಆಸ್ಪತ್ರೆ ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಹೋಗುವುದು ಎಲ್ಲಾ ದೇಶಗಳಲ್ಲೂ ಇದೆ. ಇವರು ಅಷ್ಟಕ್ಕೆ ನಿಲ್ಲಲಿಲ್ಲ, ನರ್ಸ್ ಕೆಲಸ ಕಲಿತರು. 1914ರಲ್ಲಿ ಯುದ್ಧ ಶುರುವಾದಾಗ ಅರಮನೆಯ ಕುದುರೆ ಸವಾರಿಯ ಶಾಲೆ ಮತ್ತು ಟೆನಿಸ್ ಅಂಗಳಗಳು ಗಾಯಾಳು ಸೈನಿಕರ ವಾರ್ಡುಗಳಾದವು. ಡಚೆಸ್ ಆಪರೇಷನ್ ಥಿಯೇಟರಿನಲ್ಲಿ ವೈದ್ಯರ ಪಕ್ಕದಲ್ಲಿ ನಿಂತು ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೂ ಆಸ್ಪತ್ರೆ ಬಿಡಲಿಲ್ಲ. ವಯಸ್ಸಾಗುತ್ತಾ ಬಂದಂತೆ ಎಕ್ಸ್-ರೇ ವಿಭಾಗ ಅವರದಾಯಿತು. ಚಿತ್ರ ತೆಗೆಯುವುದು, ತೊಳೆಯುವುದು, ಓದುವುದು ಎಲ್ಲವನ್ನೂ ಕಲಿತುಕೊಂಡರು. ಎಕ್ಸ್-ರೇ ಕೋಣೆಯಲ್ಲಿ ಕಿವಿಗಿಂತ ಕಣ್ಣಿಗೆ ಹೆಚ್ಚು ಕೆಲಸ. ಬಹುಶಃ ಅದೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ಕಣ್ಣಿನ ಕೆಲಸ ಇನ್ನೊಂದಿತ್ತು, ಪಕ್ಷಿವೀಕ್ಷಣೆ. 1909ರಿಂದ 1914ರವರೆಗೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಫೇರ್ ಐಲ್ ಎಂಬ ಪುಟ್ಟ ದ್ವೀಪಕ್ಕೆ ಮತ್ತೆ ಮತ್ತೆ ಹೋಗಿ, ಸಣ್ಣ ಮನೆಯೊಂದರಲ್ಲಿ ಉಳಿದು, ಗಾಳಿಮಳೆಯಲ್ಲಿ ವಲಸೆ ಹಕ್ಕಿಗಳನ್ನು ಗುರುತಿಸಿ ದಿನಚರಿ ಬರೆದರು. ಇದೇ ಕಾಲದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕಿಲ್ಲದಿದ್ದರೆ ಅವರು ತೆರಿಗೆಯನ್ನೂ ಕೊಡಬಾರದು ಎನ್ನುತ್ತಿದ್ದ ಸಂಘವನ್ನು ಸೇರಿ, ಕೊಡಬೇಕಾದ ತೆರಿಗೆಯನ್ನು ಕೊಡದೆ ನಿಂತರು. ಅಧಿಕಾರಿಗಳು ಬೆಳ್ಳಿಯ ಲೋಟವೊಂದನ್ನು ಜಪ್ತಿ ಮಾಡಿಕೊಂಡು ಹೋದರು.

ಹೀಗೆ 1926 ಬಂತು. ಆ ವರ್ಷ ಮೇರಿ ಮೊದಲ ಸಲ ವಿಮಾನದಲ್ಲಿ ಪ್ರಯಾಣ ಮಾಡಿದರು, ಲಂಡನ್ ಬಳಿಯ ಕ್ರಾಯ್ಡನ್ ನಿಲ್ದಾಣದಿಂದ ವೋಬರ್ನ್‌ಗೆ. ಮೇಲಕ್ಕೇರಿದಾಗ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಿವಿಯಲ್ಲಿ ಮನೆ ಮಾಡಿಕೊಂಡಿದ್ದ ಆ ಗುಂಯ್ ಶಬ್ದದಿಂದ ಅವರಿಗೆ ಬಿಡುವು ಸಿಕ್ಕಿತು. ತಲೆನೋವಿನಲ್ಲಿ ಎರಡು ದಿನ ಕಳೆದವರಿಗೂ ಬಿಡುವಿನ ಬೆಲೆ ಗೊತ್ತು. ಇನ್ನೂ ಒಂದು ವಿಷಯವಿದೆ. ಆಗಿನ ವಿಮಾನದಲ್ಲಿ ಇಂಜಿನ್ನಿನ ಆರ್ಭಟದ ನಡುವೆ ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ನೆಲದ ಮೇಲೆ ಊಟದ ಮೇಜಿನ ಸುತ್ತ ಎಲ್ಲರೂ ನಗುವಾಗ ಒಬ್ಬರೇ ಸುಮ್ಮನೆ ಕೂರಬೇಕಾಗಿದ್ದ ಮಹಿಳೆಗೆ, ಆಕಾಶದಲ್ಲಿ ಕಿವುಡುತನ ಎಲ್ಲರಿಗೂ ಸಮಾನವಾಗಿತ್ತು.

ಮೊದಲು ಅವರು ಪೈಲಟ್‌ಗಳನ್ನು ಜೊತೆಗಿಟ್ಟುಕೊಂಡು ದೂರ ಹಾರಿದರು. 1928ರಲ್ಲಿ ಕ್ಯಾಪ್ಟನ್ ಬರ್ನಾರ್ಡ್ ಅವರೊಂದಿಗೆ ಭಾರತಕ್ಕೆ ಹೊರಟ ಪ್ರಯಾಣ ಪರ್ಷಿಯಾದ ಬುಶೈರ್‌ನಲ್ಲಿ ಇಂಜಿನ್ ಕೆಟ್ಟು ಅಲ್ಲಿಗೇ ನಿಂತಿತು. ಮರುವರ್ಷ ಮತ್ತೆ ಹೊರಟರು. ಸ್ಪೈಡರ್ ಎಂಬ ಹೆಸರಿನ ಒಂದೇ ಇಂಜಿನ್ನಿನ ಫೋಕರ್ ವಿಮಾನ. ಬರ್ನಾರ್ಡ್, ಬಾಬ್ ಲಿಟ್ಲ್ ಮತ್ತು 63 ವರ್ಷದ ಡಚೆಸ್. 1929ರ ಆಗಸ್ಟ್ 2ರಂದು ಇಂಗ್ಲೆಂಡಿನ ಲಿಂಪ್ನಿಯಿಂದ ಹೊರಟು, ಆಗ ಅವಿಭಜಿತ ಭಾರತದಲ್ಲಿದ್ದ ಕರಾಚಿ ಮುಟ್ಟಿ, ಆಗಸ್ಟ್ 9ರಂದು ಕ್ರಾಯ್ಡನ್‌ನಲ್ಲಿ ಇಳಿದರು. ಎಂಟು ದಿನ, ಸುಮಾರು 16,000 ಕಿ.ಮೀ. ಅದೇ ವರ್ಷ ಮಾರ್ಚ್‌ನಲ್ಲಿ ಆರಂಭವಾಗಿದ್ದ ಇಂಪೀರಿಯಲ್ ಏರ್‌ವೇಸ್ ಸೇವೆಗೆ ಕರಾಚಿಗೆ ಹೋಗಲು ಮಾತ್ರವೇ ಏಳು ದಿನ ಬೇಕಾಗುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಈ ವೇಗ ಅರ್ಥವಾದೀತು. ಹುಡುಗಿಯಾಗಿದ್ದಾಗ ಹಡಗಿನಲ್ಲಿ ವಾರಗಟ್ಟಲೆ ಕುಳಿತು ಬಂದಿದ್ದ ದೇಶಕ್ಕೆ ಈಗ ನಾಲ್ಕು ದಿನದ ದಾರಿ. ಪತ್ರಿಕೆಗಳು ಅವರನ್ನು ಹಾರುವ ಡಚೆಸ್ ಎಂದು ಕರೆದವು.

ಆದರೆ ಇನ್ನೊಬ್ಬರು ಹಾರಿಸುವ ವಿಮಾನದಲ್ಲಿ ಕೂರುವುದು ಅವರಿಗೆ ಸಾಕಾಗಲಿಲ್ಲ. ಆಸ್ಪತ್ರೆ ಕಟ್ಟಿಸಿ ಸುಮ್ಮನಿರಲಾರದವರು ಇಲ್ಲೂ ಸುಮ್ಮನಿರಲಿಲ್ಲ. ಅರಮನೆಯ ಮುಂದಿನ ಹುಲ್ಲುಗಾವಲಿನಲ್ಲೇ ಅವರ ಖಾಸಗಿ ವಿಮಾನ ಪಟ್ಟಿ ಇತ್ತು. ವಿಮಾನ ಪಟ್ಟಿ ಎಂದರೆ ಮಂಗಳೂರು, ಬೆಂಗಳೂರಿನಲ್ಲಿ ನೋಡುವಂಥ ಡಾಂಬರಿನ ರನ್‌ವೇ ನೆನೆಯಬೇಡಿ. ಅದು ಬರಿಯ ಹುಲ್ಲು. ಅಂಚಿನಲ್ಲಿ ವಿಮಾನ ನಿಲ್ಲಿಸುವ ಶೆಡ್ಡು. ಅದಕ್ಕಿಂತ ಹೆಚ್ಚಿನದೇನೂ ಬೇಕಾಗುತ್ತಿರಲಿಲ್ಲ, ಏಕೆಂದರೆ ವಿಮಾನವೇ ಹಾಗಿತ್ತು.

ಆ ವಿಮಾನದ ಹೆಸರು ಮಾತ್, ಎಂದರೆ ಪತಂಗ. ಜೆಫ್ರಿ ಡಿ ಹ್ಯಾವಿಲ್ಯಾಂಡ್ ವಿನ್ಯಾಸ ಮಾಡಿದ ಇದು ಮೊದಲು ಹಾರಿದ್ದು 1925ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ವಿಮಾನವೆಂದರೆ ಸೈನ್ಯ, ಅಂಚೆ, ಸಾಹಸ. ಮಾತ್ ಬಂದ ಮೇಲೆ ಭಾನುವಾರ ಸಂಜೆ ಸಂತೋಷಕ್ಕಾಗಿ ಹಾರುವ ಜನ ಹುಟ್ಟಿಕೊಂಡರು. ಮರದ ಚೌಕಟ್ಟು, ಬಟ್ಟೆ ಹೊದಿಸಿದ ಎರಡು ಜೊತೆ ರೆಕ್ಕೆ, ಒಂದರ ಹಿಂದೆ ಒಂದು ಎರಡು ತೆರೆದ ಆಸನ. ಬ್ರೇಕ್ ಇಲ್ಲ, ಬಾಲದ ಕೆಳಗೆ ಚಕ್ರದ ಬದಲು ಒಂದು ಊರುಗೋಲು. ಇಳಿದ ಮೇಲೆ ಆ ಊರುಗೋಲು ಹುಲ್ಲನ್ನು ಕೆರೆಯುತ್ತಾ ಹೋಗಿ ವಿಮಾನವನ್ನು ನಿಲ್ಲಿಸುತ್ತದೆ. ಹೀಗಾಗಿ ಸಿಮೆಂಟಿಗಿಂತ ಹುಲ್ಲೇ ಅದಕ್ಕೆ ಒಗ್ಗುತ್ತಿತ್ತು. ರೆಕ್ಕೆಗಳನ್ನು ಹಿಂದಕ್ಕೆ ಮಡಚಿದರೆ ದನದ ಕೊಟ್ಟಿಗೆಯಷ್ಟು ಜಾಗದಲ್ಲಿ ನಿಲ್ಲುತ್ತಿತ್ತು. ಹೊರಡುವ ಮುನ್ನ ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಕು. ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ಹೋಗಬೇಕು, ಆಗ ನೆಲದ ಮೇಲೆ ಓಡುವ ದೂರ ಕಡಿಮೆಯಾಗುತ್ತದೆ. ಏಕೆಂಬುದನ್ನು ಭೌತಶಾಸ್ತ್ರದ ಸಾಪೇಕ್ಷ ವೇಗದ ಪಾಠ ತೆರೆದು ನೀವೇ ಲೆಕ್ಕ ಹಾಕಿ. ರೇಡಿಯೊ ಇಲ್ಲ. ಮಡಿಲಲ್ಲಿ ನಕ್ಷೆ, ಎದುರಿಗೆ ದಿಕ್ಸೂಚಿ, ಕೆಳಗೆ ರೈಲು ಹಳಿ, ನದಿ, ಚರ್ಚಿನ ಗೋಪುರ. ದಾರಿ ತೋರಿಸುವುದು ಅಷ್ಟೇ.

ಮಾತ್‌ನಲ್ಲಿ ಗುರು ಮುಂದಿನ ಆಸನದಲ್ಲಿ, ಶಿಷ್ಯ ಹಿಂದಿನ ಆಸನದಲ್ಲಿ. ಪಾಠವೆಲ್ಲ ಒಂದು ರಬ್ಬರ್ ಕೊಳವೆಯ ಮೂಲಕ. ಗುರು ಅದರೊಳಗೆ ಕೂಗುತ್ತಾರೆ, ಶಿಷ್ಯನ ಕಿವಿಗೆ ತಲುಪುತ್ತದೆ. ಶಿಷ್ಯೆಗೆ ಕಿವಿಯೇ ಕೇಳಿಸದಿದ್ದರೆ? ಉಳಿದವರು ಗಾಳಿಯಲ್ಲಿ ಕೇಳಿ ತಿದ್ದಿಕೊಳ್ಳುವುದನ್ನು ಅವರು ನೆಲದ ಮೇಲೆಯೇ ತಿಳಿದುಕೊಂಡು, ಮೇಲೆ ಕಣ್ಣು ಮತ್ತು ಕೈಯಿಂದ ಅಭ್ಯಾಸ ಮಾಡಬೇಕಿತ್ತು. ಎಷ್ಟು ಸಲ ತಪ್ಪಿದರೂ ಬಿಡಲಿಲ್ಲ. 1930ರ ಏಪ್ರಿಲ್ 8ರಂದು ಮುಂದಿನ ಆಸನ ಖಾಲಿಯಿತ್ತು. ಡಚೆಸ್ ಒಬ್ಬರೇ ಏರಿದರು, ಒಬ್ಬರೇ ಇಳಿದರು.

ಅದಾಗಿ ಎರಡೇ ದಿನಕ್ಕೆ, ಏಪ್ರಿಲ್ 10ರಂದು, ಸ್ಪೈಡರ್ ವಿಮಾನದಲ್ಲಿ ಬರ್ನಾರ್ಡ್ ಮತ್ತು ಲಿಟ್ಲ್ ಜೊತೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೊರಟರು. ಹತ್ತು ದಿನಗಳಲ್ಲಿ, 91 ಗಂಟೆ 20 ನಿಮಿಷಗಳ ಹಾರಾಟದಲ್ಲಿ, ಆಫ್ರಿಕಾದ ಆ ತುದಿ ತಲುಪಿದರು. ಅದೂ ದಾಖಲೆಯಾಯಿತು. ಅದೇ ವಸಂತದಲ್ಲಿ ಇನ್ನೂ ಕೆಲವು ಮಾತ್‌ಗಳು ಇಂಗ್ಲೆಂಡ್ ಮತ್ತು ಭಾರತದ ನಡುವೆ ಹಾರುತ್ತಿದ್ದವು. ಏಕಾಂಗಿಯಾಗಿ ಈ ದೂರ ಕ್ರಮಿಸುವ ಮೊದಲ ಭಾರತೀಯನಿಗೆ ಆಗಾ ಖಾನ್ ಅವರು 500 ಪೌಂಡ್ ಬಹುಮಾನ ಘೋಷಿಸಿದ್ದರು. ಜೆ.ಆರ್.ಡಿ. ಟಾಟಾ, ಮನ್‌ಮೋಹನ್ ಸಿಂಗ್ ಮತ್ತು ಹದಿನೇಳರ ಹುಡುಗ ಆಸ್ಪಿ ಇಂಜಿನಿಯರ್ ಸ್ಪರ್ಧೆಯಲ್ಲಿದ್ದರು. ಗೆದ್ದವರು ಆಸ್ಪಿ. ಹದಿನೇಳರ ಹುಡುಗ, ಅರವತ್ತನಾಲ್ಕರ ಅಜ್ಜಿ, ಒಂದೇ ಬಗೆಯ ಪುಟ್ಟ ವಿಮಾನ. ಮುಂದೆ 1936ರಲ್ಲಿ, ಮೇರಿಯವರ ತಂದೆ ಒಮ್ಮೆ ಕೆಲಸ ಮಾಡಿದ್ದ ಲಾಹೋರಿನಲ್ಲಿ, ಸರ್ಲಾ ಠಕ್ರಾಲ್ ಎಂಬ 21ರ ಯುವತಿ ಸೀರೆಯುಟ್ಟು ಮಾತ್ ಹಾರಿಸಿ ಲೈಸೆನ್ಸ್ ಪಡೆದರು.

ಇಷ್ಟೆಲ್ಲ ಸಾಧ್ಯವಾದದ್ದು ಹಣವಿದ್ದದ್ದರಿಂದ ಎಂದು ಯಾರಾದರೂ ಹೇಳಬಹುದು. ಅದು ಸುಳ್ಳಲ್ಲ. ಮಾತ್ ಅಗ್ಗದ ವಿಮಾನವೆಂದರೂ ಸುಮಾರು 650 ಪೌಂಡ್. ವೋಬರ್ನ್ ಹಳ್ಳಿಯ ಕೂಲಿಕಾರನಿಗೆ ಜೀವಮಾನದಲ್ಲಿ ಕೂಡಿಸಲಾಗದ ಮೊತ್ತ. ಮನೆಯ ಮುಂದೆಯೇ ವಿಮಾನ ಇಳಿಸುವಷ್ಟು ಹುಲ್ಲು ಎಷ್ಟು ಜನರಿಗಿದೆ? ಆದರೆ ಅಷ್ಟೇ ಹಣವಿದ್ದ ಇತರ ಡಚೆಸ್‌ಗಳು ಆಪರೇಷನ್ ಥಿಯೇಟರಿನಲ್ಲಿ ಕೈ ಕೆಂಪಾಗಿಸಿಕೊಂಡದ್ದು ಕಡಿಮೆ. ಹಣದಿಂದ ವಿಮಾನ ಬಂತು, ಇಳಿಸುವ ವಿದ್ಯೆ ಬರಲಿಲ್ಲ. ಅದನ್ನು ಅವರು ಎಲ್ಲರಂತೆ ಕಲಿಯಬೇಕಾಯಿತು, ಎಲ್ಲರಿಗಿಂತ ತಡವಾಗಿ ಕಲಿಯಬೇಕಾಯಿತು.

ನಂತರದ ಏಳು ವರ್ಷ ವೋಬರ್ನ್‌ನ ದಿನಚರಿ ಆಸ್ಪತ್ರೆ ಮತ್ತು ಆಕಾಶದ ನಡುವೆ ನಡೆಯಿತು. ದೂರ ಪ್ರಯಾಣಕ್ಕೆ ಪೈಲಟ್ ಜೊತೆಗಿರುತ್ತಿದ್ದರು. ಹತ್ತಿರದ ಸುತ್ತಾಟ ಒಬ್ಬರೇ. ಪ್ರತಿ ಹಾರಾಟದ ಹೊತ್ತನ್ನೂ ಪೈಲಟ್‌ನ ಲಾಗ್ ಪುಸ್ತಕದಲ್ಲಿ ಗಂಟೆ ಮತ್ತು ನಿಮಿಷದ ಲೆಕ್ಕದಲ್ಲಿ ಬರೆಯಬೇಕು. 1937ರ ಮಾರ್ಚ್ ಹೊತ್ತಿಗೆ ಅವರ ಏಕಾಂಗಿ ಹಾರಾಟ 199 ಗಂಟೆ 4 ನಿಮಿಷಕ್ಕೆ ಬಂದು ನಿಂತಿತ್ತು. 200 ಮುಟ್ಟಲು 56 ನಿಮಿಷ ಬಾಕಿ.

ಆತುರಕ್ಕೆ ಕಾರಣವಿತ್ತು. ಪೈಲಟ್ ಲೈಸೆನ್ಸ್ ಮುಂದುವರಿಯಬೇಕಾದರೆ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 71 ವರ್ಷ, ಆ ಕಿವಿ. ಮುಂದಿನ ಸಲ ವೈದ್ಯರು ಸಹಿ ಹಾಕುತ್ತಾರೆಂಬ ಭರವಸೆ ಯಾರಿಗಿತ್ತು? ಆಸ್ಪತ್ರೆಯ ಖರ್ಚನ್ನು ಮುಂದೆಯೂ ಹೊರುವುದು ಕಷ್ಟವೆಂಬ ಮಾತೂ ಆ ದಿನಗಳಲ್ಲಿ ಮನೆಯಲ್ಲಿತ್ತು. ಜೀವನದಲ್ಲಿ ತಾವೇ ಆರಿಸಿಕೊಂಡು ಕಲಿತ ಎರಡೂ ಕೆಲಸಗಳು ಒಟ್ಟಿಗೆ ಕೈತಪ್ಪುವ ಹಂತದಲ್ಲಿದ್ದವು.

ಮಾರ್ಚ್ 22ರಂದು ಮಧ್ಯಾಹ್ನ ಅವರು ತಮ್ಮ ಮಾತ್ ಮೇಜರ್ ವಿಮಾನದಲ್ಲಿ ವೋಬರ್ನ್‌ನ ಹುಲ್ಲಿನಿಂದ ಒಬ್ಬರೇ ಮೇಲೇರಿದರು. ಕೇಂಬ್ರಿಜ್ ಕಡೆಗೆ ಒಂದು ಸುತ್ತು ಹಾಕಿ ಮರಳಿದರೆ ಬೇಕಾದಷ್ಟು ನಿಮಿಷಗಳಾಗುತ್ತಿದ್ದವು. ಹವೆ ಕೆಟ್ಟಿತು, ಹಿಮ ಬೀಳತೊಡಗಿತು. ತೆರೆದ ಆಸನದಲ್ಲಿ ಕುಳಿತವರಿಗೆ ಹಿಮದಲ್ಲಿ ರೈಲು ಹಳಿಯೂ ಕಾಣದು, ಗೋಪುರವೂ ಕಾಣದು. ನಕ್ಷೆ ಕೈಯಲ್ಲಿದ್ದು ಪ್ರಯೋಜನವಿಲ್ಲ. ಸಂಜೆಯಾಯಿತು. ಹುಲ್ಲಿನ ಪಟ್ಟಿಯ ಮೇಲೆ ಮಾತ್ ಮರಳಿ ಇಳಿಯಲಿಲ್ಲ.

ಹುಡುಕಾಟ ನಡೆಯಿತು. ಕೆಲವು ದಿನಗಳ ನಂತರ, ವೋಬರ್ನ್‌ನಿಂದ ಪೂರ್ವಕ್ಕೆ ಸುಮಾರು 170 ಕಿ.ಮೀ. ದೂರದ ಗ್ರೇಟ್ ಯಾರ್ಮೌತ್ ಕಡೆಯ ಕಡಲತೀರಕ್ಕೆ ರೆಕ್ಕೆಗಳ ನಡುವಿನ ಮರದ ಕಂಬಗಳು ತೇಲಿಬಂದವು. ಮೇರಿಯವರ ದೇಹ ಸಿಗಲೇ ಇಲ್ಲ. ಅವರು ಬೇಕೆಂದೇ ಸಮುದ್ರದತ್ತ ಹೋದರೇನೋ ಎಂದು ಆಗ ಕೆಲವರು ಮಾತಾಡಿಕೊಂಡರು. ಅದಕ್ಕೆ ಸಾಕ್ಷಿಯಿಲ್ಲ. ಹಿಮದಲ್ಲಿ ದಾರಿ ತಪ್ಪಿ, ನೆಲ ಮುಗಿದು ನೀರು ಶುರುವಾದದ್ದೇ ತಿಳಿಯದೆ ಹೋಗಿರುವುದು ಹೆಚ್ಚು ನಂಬುವಂತಿದೆ. ಅರವತ್ತರ ನಂತರ ಹಾರಲು ಕಲಿತು, 56 ನಿಮಿಷಗಳ ಲೆಕ್ಕವಿಟ್ಟುಕೊಂಡು ಹೊರಟವರು ಆ ಲೆಕ್ಕ ಪುಸ್ತಕಕ್ಕೆ ಏರುವುದನ್ನು ನೋಡಬೇಕೆಂದೇ ಹೊರಟಿರಬೇಕು. ಅಂದು ಅವರು ಗಾಳಿಯಲ್ಲಿದ್ದ ಹೊತ್ತು ಖಂಡಿತವಾಗಿ 56 ನಿಮಿಷಗಳಿಗಿಂತ ಹೆಚ್ಚು. ಅಷ್ಟು ಹಾರದೆ ವಿಮಾನ ಆ ಸಮುದ್ರವನ್ನು ತಲುಪಲಾರದು. ಪುಸ್ತಕದಲ್ಲಿ ಮಾತ್ರ ಅದು ಸೇರಲಿಲ್ಲ.

ಮರುವರ್ಷ ಅವರ ಪಕ್ಷಿವೀಕ್ಷಣೆಯ ದಿನಚರಿ ಅಚ್ಚಾಯಿತು. ಡ್ಯೂಕ್ 1940ರಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಅದೇ ಹುಲ್ಲುಗಾವಲಿನ ಮರಗಳ ಕೆಳಗೆ ವಾಯುಪಡೆ ತನ್ನ ಭಾರಿ ಬಾಂಬರ್‌ಗಳನ್ನು ಅಡಗಿಸಿಟ್ಟಿತು. ಯುದ್ಧ ಮುಗಿದು ಅವು ಹೋದವು, ಜಿಂಕೆಗಳು ಉಳಿದವು. 1980ರಿಂದ ಇಂಗ್ಲೆಂಡಿನ ಮಾತ್ ಪ್ರಿಯರು ಬೇಸಿಗೆಯಲ್ಲಿ ತಮ್ಮ ಹಳೆಯ ವಿಮಾನಗಳನ್ನು ಹಾರಿಸಿಕೊಂಡು ವೋಬರ್ನ್‌ಗೆ ಬರತೊಡಗಿದರು. ಮರದ ಚೌಕಟ್ಟು, ಬಟ್ಟೆಯ ರೆಕ್ಕೆ, ಬ್ರೇಕ್ ಇಲ್ಲ. ಅರಮನೆಯ ಮುಂದಿನ ಹುಲ್ಲಿನ ಮೇಲೆ ಗಾಳಿಗೆದುರಾಗಿ ಒಂದೊಂದಾಗಿ ಇಳಿದವು.